ಅಂದಾನೆಪ್ಪನ ಬಂಡೆ

ನಮ್ಮೂರ ಮಡ್ಡಿಯ ಮೇಲೆ ಮನೆ ಕಟ್ಟಬೇಕೆಂದವರು ಮೊದಲು ಹೋಗುತ್ತಿದ್ದದ್ದು ಅಂದಾನೆಪ್ಪನ ಮನೆಗೆ. ಅವನು ಪಾಯಾ ತೋಡುವವ. ನಾನು ಗೌಂಡಿ. ಅವನು ತೋಡಿ ಬಿಟ್ಟ ಮೇಲೆ ಅದರೊಳಗೆ ಕಲ್ಲು ಕೂಡಿಸುವುದು ನನ್ನ ಕೆಲಸ. ಹೀಗಾಗಿ ಅವನ ಬಗ್ಗೆ ನನಗೆ ಗೊತ್ತಿರುವಷ್ಟು ಅವನ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ, ಅವನ ಮೇಲೆ ನನಗೆ ಬಂದಷ್ಟು ಸಿಟ್ಟೂ ಯಾರಿಗೂ ಬಂದಿರಲಿಕ್ಕಿಲ್ಲ.

ಗಲಗಲಿ ದಾಟಿ ಬೀಳಗಿ ಕಡೆ ಬರುವಾಗ ಸಿಗುತ್ತದೆ ನಮ್ಮೂರು. ಕೆಳಗೆ ಹೊಳೆ, ಹೊಳೆಯ ದಂಡೆಗೆ ಕರಿ ಎರಿ ಮಣ್ಣಿನ ಹೊಲ. ಹೊಳೆ ಎರಡು ಸಲ ಮನೆಯೊಳಗೆ ಬಂದು ಒಲೆ ಆರಿಸಿ ಹೋದ ಮೇಲೆ ಜನಕ್ಕೆ ಬುದ್ಧಿ ಬಂತು. ಒಬ್ಬೊಬ್ಬರೇ ಊರ ಮೇಲಿನ ದಿಬ್ಬವಾದ ಮಡ್ಡಿ ಏರಿದರು. ಎರಿಯ ಮೇಲೆ ಕಟ್ಟಿದ ಗೋಡೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ವರ್ಷಾ ವರ್ಷಾ ನನಗೆ ಕೆಲಸ ಕೊಡುತ್ತದೆ. ಮಡ್ಡಿಯ ಮಣ್ಣಿನ ಗುಣ ಬೇರೆ. ಕೆಂಪು ಬೆರೆತ ಮಸಾರಿ ಅದು. ಹಸಿ ಇದ್ದಾಗ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತದೆ, ಬೆರಳಿಂದ ಒತ್ತಿದರೆ ಉದುರುತ್ತದೆ. ಕೆಳಗಿನ ಮರಳುಗಲ್ಲೇ ಸವೆದು ಸವೆದು ಆದ ಮಣ್ಣಾದ್ದರಿಂದ ಗಾಳಿಗೆ ಬಾಯೊಳಗೆ ಹೋದರೆ ಹಲ್ಲಿಗೆ ಕರಕರ ಅನ್ನುತ್ತದೆ. ಎಷ್ಟು ನೀರು ಸುರಿದರೂ ಕುಡಿದುಬಿಡುತ್ತದೆ. ಹುರುಳಿ, ಸಜ್ಜೆ ಬೆಳೆದಾವು, ಕಬ್ಬು ಮಾತ್ರ ಕೈಕಾಲು ಹಿಡಿದರೂ ಬರುವುದಿಲ್ಲ. ಆದರೆ ಮನೆ ಕಟ್ಟುವವನಿಗೆ ಅದಕ್ಕಿಂತ ಛಲೋ ನೆಲ ಬೇಡ. ಮೊಣಕಾಲುದ್ದ, ಬಹಳ ಆದರೆ ನಡುಮಟ ತೋಡಿದರೆ ಸಾಕು, ಹಾಳೆ ಹಾಳೆಯಾಗಿ ಮಲಗಿದ ಬಂಡೆ ಸಿಗುತ್ತದೆ.

ಆ ಬಂಡೆ ಸಿಕ್ಕಿತೋ ಇಲ್ಲವೋ ಅಂತ ಹೇಳುವವನು ಅಂದಾನೆಪ್ಪ. ಹಾರಿಯನ್ನು, ಅಂದರೆ ಕಬ್ಬಿಣದ ಹಾರೆಯನ್ನು, ಎರಡೂ ಕೈಯಿಂದ ಎತ್ತಿ ಕೆಳಗೆ ಬಿಡುತ್ತಿದ್ದ. ಠಣ್ ಅಂದರೆ ತಲೆ ಒಂದು ಕಡೆ ವಾಲಿಸಿ, “ಬಂಡಿ ಹತ್ತೇತಿ” ಅನ್ನುತ್ತಿದ್ದ. ನಮ್ಮ ಕಡೆ ಬಂಡಿ ಅಂದರೆ ಬಂಡೆಯೂ ಹೌದು, ಎತ್ತಿನ ಗಾಡಿಯೂ ಹೌದು. ಬುಟ್ಟಿ ಹೊರುವ ಹೆಂಗಸರು, “ಯಾವೂರಿಗಿ ಹೊಂಟೀರಿ ಅಣ್ಣಾರ, ನಮ್ಮನ್ನೂ ಹತ್ತಿಸ್ಕೋರಿ” ಅಂತ ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ಹಾರಿ ಬದಿಗಿಟ್ಟು ಕೈ ತೊಳೆದುಕೊಂಡರೆ ಮುಗಿಯಿತು, ಮತ್ತೆ ಒಂದು ಗೇಣು ತೋಡು ಅಂದರೆ ಜಗಳಕ್ಕೇ ಬರುತ್ತಿದ್ದ. ಖರೆ ಹೇಳಬೇಕೆಂದರೆ, ಮಡ್ಡಿಯ ಮೇಲೆ ಅವನು ತೋಡಿದ ಯಾವ ಮನೆಗೂ ಕೂದಲೆಳೆಯಷ್ಟು ಬಿರುಕು ಬಂದಿರಲಿಲ್ಲ. ನನ್ನ ಮನೆಯ ಪಾಯಾ ತೋಡಿದವನೂ ಅವನೇ.

ಅವನ ಒಬ್ಬಳೇ ಮಗಳು ರಾಜಶ್ರೀ. ಬನಹಟ್ಟಿಗೆ ಕೊಟ್ಟಿದ್ದ. ಅಳಿಯ ಮಲ್ಲಿನಾಥ ನೇಕಾರ, ಬಾಡಿಗೆ ಖೋಲಿಯಲ್ಲಿ ನಾಲ್ಕು ಪಾವರಲೂಮ್ ಇಟ್ಟುಕೊಂಡಿದ್ದ. ಖೋಲಿಯ ಮಾಲಕ ಜಾಗ ಮಾರಿದಾಗ ಅಂದಾನೆಪ್ಪ ಎದೆ ಉಬ್ಬಿಸಿ ಹೇಳಿದ, “ನಮ್ಮ ಮಡ್ಡಿಗೆ ಬರ್ರಿ. ಮಗ್ಗದ ಬಡಿತಾ ತಡಕೊಳ್ಳೂ ನೆಲಾ ನಾ ತೋರಸ್ತೇನಿ.” ಅವರು ಬಂದರು. ಮೊದಲು ಮನೆಗೆ ಗೆರೆ ಹಾಕಿದೆವು, ಅದೇ ವಾರ ಅದಕ್ಕೆ ಅಂಟಿಕೊಂಡೇ ಹಿಂದೆ ಮಗ್ಗದ ಶೆಡ್ಡಿಗೆ. ಎರಡಕ್ಕೂ ಪಾಯಾ ತೋಡಿದ್ದು ಅವನು, ಕಟ್ಟಿದ್ದು ನಾನು.

ಶೆಡ್ಡಿನ ಮೂಡಣ ಮೂಲೆಯಲ್ಲಿ ಬಂಡೆ ಬಲು ಬೇಗ ಸಿಕ್ಕಿತು, ಮೊಣಕಾಲುದ್ದವೂ ತೋಡುವ ಮೊದಲೇ. ಉಳಿದ ಕಡೆಗಿಂತ ಚೆಂದಾಗಿ, ದೇವರ ಗುಡಿಯ ಗಂಟೆ ಬಾರಿಸಿದ ಹಾಗೆ ಠಣ್ ಅಂತು. ನನಗೆ ಸರಿಬರಲಿಲ್ಲ. ಇನ್ನೊಂದು ಗೇಣು ನೋಡೋಣ ಅಂದೆ.

“ಹಾಲೇಶಾ, ನೀ ಕಟ್ಟೂದು ಕಟ್ಟು. ಮಗಳಿಗಿ ಕಟ್ಟಾಕತ್ತೇನಿ, ನಂಗ ತಿಳಿಯೂದಿಲ್ಲೇನು?” ಅಂದ.

ಅದಕ್ಕೆ ಏನು ಹೇಳುವುದು? ಕಟ್ಟಿದೆ. ನೆಲಕ್ಕೆ ಕಾಂಕ್ರೀಟು ಹಾಕಿ ನೀರು ನಿಲ್ಲಿಸಿದರೆ ಆ ಮೂಲೆಯ ನೀರು ಮಾತ್ರ ಬೆಳಗಾಗುವುದರೊಳಗೆ ಮಾಯ. “ಮಸಾರಿ ಐತಿ, ಕುಡೀತೈತಿ” ಅಂದ ಅಂದಾನೆಪ್ಪ. ಅದೂ ಸುಳ್ಳಲ್ಲ, ಮಸಾರಿ ಕುಡಿಯುತ್ತದೆ. ಆ ಮಣ್ಣಿನ ಕೆಟ್ಟತನ ಅಲ್ಲೇ ಇದೆ. ಅದು ಕೊಡುವ ಪ್ರತಿ ಸೂಚನೆಗೂ ಒಂದು ಒಳ್ಳೆಯ ಅರ್ಥ ಇಟ್ಟುಕೊಂಡೇ ಕೊಡುತ್ತದೆ.

ಮಗ್ಗ ಶುರುವಾದವು. ಆ ಮೂಲೆಯ ಮಗ್ಗ ರಾಜಶ್ರೀಯದು. ಕೂಸನ್ನು ಮನೆಯೊಳಗೆ ತೊಟ್ಟಿಲಲ್ಲಿ ಮಲಗಿಸಿ ಬಂದು ನಿಲ್ಲುತ್ತಿದ್ದಳು. ಕೆಲವು ತಿಂಗಳಾದ ಮೇಲೆ ಅವಳ ಮಗ್ಗದ ಒಂದು ಕಾಲು ಕುಸಿದಂತಾಯಿತು. ನನ್ನನ್ನು ಕರೆದರು, ಹೋಗಿ ಅದರ ಕೆಳಗೆ ತೆಳ್ಳಗಿನ ಚಿಪ್ಪುಗಲ್ಲು ಸಿಗಿಸಿ ಬಂದೆ. ಮತ್ತೆ ಕರೆದರು, ಮತ್ತೆ ಸಿಗಿಸಿದೆ. ನೆಲದಲ್ಲಿ ಒಂದು ಸೀಳು ಬಿದ್ದಿತ್ತು, ಅದರ ಅಂಚಿಗೆ ಹಿಟ್ಟಿನಂಥ ಕೆಂಪು ಮರಳು.

“ಯಪ್ಪಾ, ಮಗ್ಗಾ ನಿಂತ ಮ್ಯಾಲೂ ನೆಲಾ ಜುಮ್ ಅಂತೈತಿ” ಅಂದಳು ರಾಜಶ್ರೀ.

“ದಿನಾ ನಿಂತ ನಿಂತ ಕಾಲಿಗಿ ಹಂಗ ಅನಸ್ತೈತವ್ವಾ. ತಳಕ್ಕ ಬಂಡಿ ಐತಿ.”

ಅಪ್ಪ ಹೇಳಿದ ಮೇಲೆ ಮುಗಿಯಿತು. ಅವಳು ಚಿಕ್ಕಂದಿನಿಂದ ಕೇಳುತ್ತ ಬಂದ ಮಾತು ಅದು. ಆದರೆ ನನಗೆ ಆ ಶೆಡ್ಡಿಗೆ ಹೋಗುವುದೇ ಬೇಡವಾಗತೊಡಗಿತು. ಒಂದು ದಿನ ಕರೆಂಟು ಹೋಗಿ ಮಗ್ಗ ನಿಂತಿದ್ದವು. ಗಾಳಿ ಇರಲಿಲ್ಲ. ನೆಲದ ಮೇಲೆ ಬಿದ್ದ ನೂಲಿನ ಜುಂಗು ಮೆಲ್ಲಗೆ ಸರಿದು ಸೀಳಿನ ಹತ್ತಿರ ಹೋಯಿತು, ನಿಂತಿತು, ಒಳಗಿಳಿಯಿತು. ನಾನು ಯಾರಿಗೂ ಹೇಳದೆ ಕಾಲು ಹಿಂದಕ್ಕೆ ತೆಗೆದುಕೊಂಡೆ.

ಮಹಾನವಮಿಯ ಖಂಡೆ ಪೂಜೆಗೆ ಮಗ್ಗಗಳಿಗೆ ಕುಂಕುಮ ಹಚ್ಚಿ ಕಬ್ಬು ಕಟ್ಟಿದ್ದರು. ಅಂದಾನೆಪ್ಪನ ತಾಯಿ ಬೋರವ್ವ ಕೆಳಗಿನ ಹಳೇ ಮನೆಯಲ್ಲೇ ಇದ್ದವಳು. ಮಂಡಿನೋವಿನಿಂದ ಅಲ್ಲಿಯವರೆಗೆ ಮಡ್ಡಿ ಹತ್ತಿರಲಿಲ್ಲ. ಅವತ್ತು ಮೊಮ್ಮಗಳ ಶೆಡ್ಡು ನೋಡಲೇಬೇಕೆಂದು ಆಟೋದಲ್ಲಿ ಬಂದಳು. ಹಿಂದಿನ ದಿನ ಮಳೆಯಾಗಿತ್ತು. ಮೂಡಣ ಮೂಲೆಯ ಮಗ್ಗಕ್ಕೆ ಕೈಮುಗಿಯಲು ಬಗ್ಗಿದವಳು ಹಾಗೇ ಮೂಗು ಅರಳಿಸಿ ನಿಂತಳು.

“ಯಾರ ಹಗೇವು ತಗದಾರ ಇಲ್ಲಿ?” ಅಂದಳು.

ಹಗೇವು ಅಂದರೆ ಜೋಳ ಕೂಡಿಡುವ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹಾಸಿ ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣೆಳೆದುಬಿಡುತ್ತಿದ್ದರು. ಈಗ ಯಾರೂ ಇಡುವುದಿಲ್ಲ, ಈಗಿನ ಹುಡುಗರಿಗೆ ಹೆಸರೂ ಗೊತ್ತಿಲ್ಲ. ರಾಜಶ್ರೀ ನಕ್ಕಳು.

“ಆಯಿ, ಇಲ್ಲೆಲ್ಲಿ ಹಗೇವು? ಇದು ಮಗ್ಗದ ಶೆಡ್ಡ.”

“ಕೊಳತ ಜ್ವಾಳದ ನಾತ ನಂಗ ತಿಳಿಯೂದಿಲ್ಲೇನ? ನಮ್ಮತ್ತಿ ಹೇಳತಿದ್ಲು. ಎರಿ ಭೂಮಿ ತಂಪಾಗತೈತಿ, ಕಾಳ ಕೆಡತೈತಿ ಅಂತ ಹಿರ್ಯಾರು ಮಡ್ಡಿ ಮ್ಯಾಲ ಹಗೇವು ತೋಡಸಿದ್ರಂತ. ಮಸಾರಿಯೊಳಗ ನೀರು ನಿಲ್ಲೂದಿಲ್ಲಲಾ, ಅದಕ್ಕ. ಎಲ್ಲೆಲ್ಲಿ ಅದಾವೋ ಯಾಂವ ಬಲ್ಲ.”

ನಗು ನಿಂತಿತು. ಅಂದಾನೆಪ್ಪನ ಮುಖ ನೋಡಿದೆ. ಅವನು ತಾಯಿಯನ್ನು ನೋಡದೆ ನೆಲ ನೋಡುತ್ತ ಕೇಳಿದ.

“ಯವ್ವಾ, ಬಾಯಿಗಿ ಏನ ಮುಚ್ಚತಿದ್ರು?”

“ಇನ್ನೇನ ಮುಚ್ಚತಾರೋ? ಇಲ್ಲೇ ಸಿಗೂ ಹಾಸಗಲ್ಲ.”

ಹಾಳೆ ಹಾಳೆಯಾಗಿ ಮಲಗುವ ಕಲ್ಲು. ಹಾಸಿದರೂ ಬಂಡೆಯಂತೇ ಕಾಣುತ್ತದೆ, ಬಾರಿಸಿದರೂ ಬಂಡೆಯಂತೇ ಕೂಗುತ್ತದೆ. ಕೆಳಗೆ ಟೊಳ್ಳಿದ್ದರೆ ಇನ್ನೂ ಚೆಂದ ಕೂಗುತ್ತದೆ. ಆ ಮೂಲೆಯಲ್ಲಿ ಹಾರಿ ಗಂಟೆಯಂತೆ ಕೂಗಿದ್ದು ನೆನಪಾಯಿತು. ಅಂದಾನೆಪ್ಪ ಪ್ರಸಾದ ಮುಟ್ಟದೆ ಹೊರಗೆ ಹೋದ.

ಮರುದಿನದಿಂದ ಅವನು ಮಗ್ಗ ನಿಲ್ಲಿಸಿರಿ, ನೆಲ ಒಡೆದು ನೋಡೋಣ ಅಂತ ಹಟ ಹಿಡಿದ. ಅಳಿಯನಿಗೆ ಅರ್ಥವೇ ಆಗಲಿಲ್ಲ.

“ಮಾವಾರ, ಬಂಡಿ ಐತಿ ಅಂದವ್ರು ನೀವ. ಊರ ಮಂದಿ ಎಲ್ಲಾ ನಿಮ್ಮ ಮಾತಿನ ಮ್ಯಾಲ ಮನಿ ಕಟ್ಯಾರ. ಈಗ ಆಯಿ ಏನೋ ನಾತ ಬಂತು ಅಂದ್ರ ನೆಲಾ ಒಡೀತೀರೇನ್ರಿ?”

“ನಂದು ತಪ್ಪಾಗಿರಬೇಕೋ.”

“ನಿಮ್ಮದು ಯಾವಾಗ ತಪ್ಪೇತಿ ಹೇಳ್ರಿ?”

ಇದಕ್ಕಿಂತ ದೊಡ್ಡ ಶಿಕ್ಷೆ ಅವನಿಗೆ ಬೇಕಿರಲಿಲ್ಲ. ಇಷ್ಟು ವರ್ಷ ಗಳಿಸಿಟ್ಟ ನಂಬಿಕೆಯೇ ಈಗ ಅಡ್ಡ ನಿಂತಿತ್ತು. ಮಗಳಿಗೆ ಹೇಳಿದ, ಬೇರೆ ಮಗ್ಗಕ್ಕೆ ನಿಲ್ಲು ಅಂತ. ಆಕೆ, “ನನ್ನ ಮಗ್ಗಾ ನಂಗ ರೂಢಿ ಆಗೇತಿ ಬಿಡಪ್ಪಾ” ಅಂತ ಲಾಳಿಗೆ ಕೈ ಹಾಕಿದಳು. ಅವನು ದಿನಾ ಬಂದು ಶೆಡ್ಡಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಅವಳ ಕಾಲನ್ನೇ ನೋಡುತ್ತಿದ್ದ. ಮಗ್ಗ ಬಡಿದ ಹಾಗೆಲ್ಲ ಅವನ ದವಡೆ ಬಿಗಿಯುತ್ತಿತ್ತು. ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿದು ಪಾಪ ಅನ್ನಿಸತೊಡಗಿತು. ಭಯವೂ ಆಗುತ್ತಿತ್ತು.

ಹಿಂಗಾರು ಮಳೆ ಮತ್ತೆರಡು ಸಲ ಬಿತ್ತು. ಸೀಳು ಉದ್ದವಾಯಿತು. ನಾನು ಸಿಗಿಸಿದ್ದ ಚಿಪ್ಪುಗಲ್ಲು ಒಂದು ಮಧ್ಯಾಹ್ನ ಹುಡುಕಿದರೆ ಇರಲೇ ಇಲ್ಲ.

ಅದನ್ನು ನನ್ನ ಬಾಯಿಂದ ಕೇಳಿದ ದಿನವೇ ಅಂದಾನೆಪ್ಪ ಹಾರಿ ಹೆಗಲ ಮೇಲಿಟ್ಟುಕೊಂಡು ಬಂದ, ಅವನ ಹಿಂದೆ ನಾನೂ. ನಾಲ್ಕೂ ಮಗ್ಗ ನಡೆಯುತ್ತಿದ್ದವು. ಆ ಸದ್ದಿನಲ್ಲಿ ಅವನು ಹೇಳಿದ್ದು ರಾಜಶ್ರೀಗೆ ಕೇಳಲಿಲ್ಲ. ಅವಳ ತೋಳು ಹಿಡಿದು ಎಳೆದ. ಆಕೆ ಕೊಸರಿಕೊಂಡಳು. ಆಗ ಅವನು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

“ಹೊರಗ ನಡೀಬೇ! ನಡೀ ಅಂದ್ರ ನಡೀ!”

ಹುಟ್ಟಿದಾಗಿನಿಂದ ಅಪ್ಪನಿಂದ ಗದರಿಸಿಕೊಂಡವಳಲ್ಲ. ಬೆಚ್ಚಿ ಬಾಗಿಲಿಗೆ ಬಂದಳು. ಮಲ್ಲಿನಾಥ ಓಡಿ ಹೋಗಿ ಮೇನ್ ಬಂದ್ ಮಾಡಿದ. ಮಗ್ಗಗಳು ನಿಂತವು. ಅಂದಾನೆಪ್ಪ ಸೀಳಿನಿಂದ ಒಂದು ಮಾರು ದೂರ ಗೋಡೆಗೆ ಬೆನ್ನು ಹಚ್ಚಿ ನಿಂತು ಹಾರಿ ಎತ್ತಿ ಬಿಟ್ಟ. ಕಾಂಕ್ರೀಟು ಒಡೆಯಿತು. ಇನ್ನೊಮ್ಮೆ ಬಿಟ್ಟ. ಠಣ್ ಅಂತು, ಕಲ್ಲು. ಮಲ್ಲಿನಾಥ ಉಸಿರುಬಿಟ್ಟು, “ನೋಡ್ರಿ, ಬಂಡಿ…” ಅನ್ನುವಷ್ಟರಲ್ಲಿ ಅಂದಾನೆಪ್ಪ ಮೂರನೆಯ ಸಲ ಬಿಟ್ಟ.

ಹಾರಿ ಅವನ ಕೈಯಿಂದ ಜಾರಿ ಕೆಳಗೆ ಹೋಯಿತು. ಪೂರ್ತಿ ಹೋಯಿತು. ಸದ್ದು ಬರುತ್ತದೆಂದು ಕಾದೆವು. ಬಂತು, ತಡವಾಗಿ, ಬಲು ಕೆಳಗಿನಿಂದ. ಅದರ ಹಿಂದೆಯೇ ಹುಳಿತ ಕಾಳಿನ ನಾತ ಮೇಲೆದ್ದು ಮುಖಕ್ಕೆ ಹೊಡೆಯಿತು. ರಾಜಶ್ರೀಯ ಮಗ್ಗ ಒಂದು ಕಡೆ ವಾಲಿ, ಮತ್ತಷ್ಟು ವಾಲಿ, ಅರ್ಧಕ್ಕೆ ತಡೆದು ನಿಂತಿತು. ಅವಳು ಈಗಷ್ಟೇ ನಿಂತಿದ್ದ ಜಾಗದ ನೆಲ ಮುರಿದು ಕೆಳಗೆ ಬಿತ್ತು. ನಾನು ಅಂದಾನೆಪ್ಪನ ರಟ್ಟೆ ಹಿಡಿದು ಗೋಡೆಗುಂಟ ಎಳೆದುಕೊಂಡು ಹೊರಗೆ ತಂದೆ. ಅವನು ಬಾಗಿಲ ಹೊರಗೆ ಕೂತು ಮಗಳ ಪಾದ ಎರಡೂ ಕೈಯಿಂದ ಮುಟ್ಟಿ ಮುಟ್ಟಿ ನೋಡಿದ, ಅಳುತ್ತಿದ್ದ.

ಸುದ್ದಿ ತಲುಪಲು ಹೊತ್ತು ಬೇಕಾಗಲಿಲ್ಲ. ಮಡ್ಡಿಯ ಮಂದಿ ಒಬ್ಬೊಬ್ಬರೇ ಬಂದು ಬಾಗಿಲಿಂದ ಆ ಕರಿ ಬಾಯಿಯನ್ನು ಇಣುಕಿ ನೋಡಿ ಸುಮ್ಮನೆ ಹಿಂದೆ ಸರಿದರು. ಸುಂದರವ್ವ ಎಂಬ ಮುದುಕಿ ಮೊದಲು ಕೇಳಿದಳು, “ನನ್ನ ಅಡಗಿ ಮನಿ ತಳಕ್ಕ ಏನೈತೋ ಅಂದಾನೆಪ್ಪಾ?” ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ನನ್ನ ಮನೆಯ ಪಾಯಾವನ್ನೂ ತೋಡಿದವನು ಅವನೇ. ಅವನು ಮಗಳ ಪಾದ ಹಿಡಿದೇ ಕೂತಿದ್ದ.

ಆಗ ರಾಜಶ್ರೀ ಒಮ್ಮೆಲೇ ಹಿಂತಿರುಗಿ ಶೆಡ್ಡಿಗೆ ಅಂಟಿಕೊಂಡಂತಿದ್ದ ತನ್ನ ಮನೆ ನೋಡಿದಳು.

“ಯಪ್ಪಾ,” ಅಂದಳು, “ಕೂಸು ಒಳಗ ಮಲಗೇತಿ.”

ಅಂದಾನೆಪ್ಪನ ಕೈ ಪಕ್ಕದಲ್ಲಿ ಹಾರಿ ಹುಡುಕಿತು. ಅದು ಹಗೇವಿನೊಳಗಿತ್ತು.

ಅವಳು ಕಾಯಲಿಲ್ಲ. ಬರಿಗಾಲಲ್ಲಿ, ಹೆಜ್ಜೆಯ ಸಪ್ಪಳವಾಗದ ಹಾಗೆ ಒಳಗೆ ಹೋದಳು. ತೊಟ್ಟಿಲಿಂದ ಕೂಸನ್ನು ಎತ್ತಿ ಎದೆಗವಚಿಕೊಂಡು ಹೊರಗೆ ಬಂದಳು. ಅಂಗಳದಲ್ಲಿ ಎರಡು ಹೆಜ್ಜೆ ಇಟ್ಟು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಅಪ್ಪನ ಮುಖ ನೋಡಿದಳು.