ಗಟ್ಟಿ ಹಾಲು

ಮೂವತ್ತು ವರ್ಷ ರಬ್ಬರ್ ಟ್ಯಾಪಿಂಗ್ ಮಾಡಿದವನು ನಾನು. ಮರದ ಹಾಲು ಗಟ್ಟಿಯಿದ್ದಷ್ಟೂ ನನಗೆ ಖುಷಿ. ಹಾಗಾಗಿ ಕಡಬದ ಲ್ಯಾಬಿನ ಹುಡುಗಿ ನನ್ನ ರಕ್ತದ ನಳಿಕೆಯನ್ನು ಯಂತ್ರದಲ್ಲಿ ತಿರುಗಿಸಿ ಬೆಳಕಿಗೆ ಹಿಡಿದಾಗ, ಮೇಲೆ ನಿಂತ ತಿಳಿ ಬೆಳ್ಳಗೆ ಕಂಡಿತೆಂದು ಹಿಗ್ಗಿಬಿಟ್ಟೆ.

“ಗಟ್ಟಿ ಹಾಲು ಉಂಟಲ್ಲ ಮಗಳೇ!”

“ಅಂಕಲ್, ಅದು ಕೊಬ್ಬು. ನಿನ್ನೆ ಎಂತ ತಿಂದದ್ದು?”

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ತಿಂದ ಮರಗೆಣಸು, ಹಂದಿ ಮಾಂಸದ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ. ಜೊತೆಗಿದ್ದ ಹೆಂಡತಿ ಹೇಳಿದಳು. ಎರಡನೇ ಸಲ ಬಡಿಸಿಕೊಂಡದ್ದನ್ನೂ ಬಿಡಲಿಲ್ಲ.

ಪರೀಕ್ಷೆಗೆ ಎಳೆದು ತಂದವಳೂ ಅವಳೇ. ನನಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಯಿತು. ಹಿಂದಿನ ವಾರ ಅವಳು ಒರೆಸಿಟ್ಟ ನೆಲದ ಮೇಲೆ ನನ್ನ ಬಲಗಾಲಿನ ರಕ್ತದ ಗುರುತು ಬಿದ್ದಿತ್ತು. ಹೆಬ್ಬೆರಳಿನ ಅಡಿಗೆ ಮುಳ್ಳು ಹೊಕ್ಕದ್ದು ನನಗೇ ಗೊತ್ತಾಗಿರಲಿಲ್ಲ.

ರಿಪೋರ್ಟ್ ನೋಡಿದ ಪುತ್ತೂರಿನ ಡಾಕ್ಟರು ಟ್ರೈಗ್ಲಿಸರೈಡ್, ಕೆಟ್ಟ ಕೊಲೆಸ್ಟ್ರಾಲ್ ಎಂದು ಏನೇನೋ ಹೇಳಿ, ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಎಡಗಾಲಿನಲ್ಲಿ ಕೂಡಲೇ ಸಿಕ್ಕಿತು. ಬಲಗಾಲಿನಲ್ಲಿ ಹುಡುಕುತ್ತಲೇ ಇದ್ದರು.

“ರಕ್ತನಾಳ ಕಿರಿದಾಗಿದೆ. ಹೀಗೇ ಬಿಟ್ಟರೆ ಬೆರಳು ಉಳಿಯುದು ಕಷ್ಟ.”

ಟ್ಯಾಪಿಂಗ್ ಮಾಡುವವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ಹಾಲು ತೊಗಟೆಯ ಗೀರಿನಲ್ಲಿ ಒಣಗಿ ಕೂತಿದ್ದರೆ ಹೊಸ ಹಾಲು ಮರಕ್ಕೆ ಕಟ್ಟಿದ ಗೆರಟೆಗೆ ಇಳಿಯುವುದಿಲ್ಲ. ಸುಳ್ಳು ಯಾಕೆ, ನನಗೆ ಭಯವಾಯಿತು. ಬಸ್ಸಿನಲ್ಲಿ ಕಡಬದವರೆಗೂ ಬಲಗಾಲನ್ನೇ ನೋಡುತ್ತಾ ಕೂತೆ. ಕಂಡಕ್ಟರೇ ಹುಷಾರಿಲ್ಲವಾ ಎಂದು ಕೇಳಿದ.

ಮಾತ್ರೆ, ಡ್ರೆಸ್ಸಿಂಗ್, ಮನೆಯೊಳಗೂ ಚಪ್ಪಲಿ. ಹಂದಿ ಮಾಂಸ ಹಬ್ಬಕ್ಕೆ ಮಾತ್ರ, ಅದೂ ನಾಲ್ಕು ತುಂಡು. ಪಾದದ ನಾಡಿ ಎಲ್ಲಿರುತ್ತದೆಂದು ಹೆಂಡತಿ ಡಾಕ್ಟರ ಹತ್ತಿರವೇ ಕಲಿತು ಬಂದಿದ್ದಳು. ಸಂಜೆಯ ಪ್ರಾರ್ಥನೆ ಮುಗಿದದ್ದೇ ನನ್ನ ಬಲಗಾಲನ್ನು ಮಡಿಲಲ್ಲಿಟ್ಟುಕೊಂಡು, ಬೆರಳಿಟ್ಟು, ಕಣ್ಣು ಮುಚ್ಚುತ್ತಾಳೆ. ಆ ಹೊತ್ತು ನನ್ನ ಬಾಯಿಗೆ ಬೀಗ. ಕೊನೆಗೆ “ಉಂಟು” ಎಂದು ಕಾಲು ಕೆಳಗಿಡುತ್ತಾಳೆ.

ಮೂರು ತಿಂಗಳಲ್ಲಿ ಗಾಯ ಮಾಯಿತು. ಮರುಪರೀಕ್ಷೆಗೆ ಹೋದಾಗ ನಳಿಕೆಯಲ್ಲಿ ಮೇಲೆ ನಿಂತ ತಿಳಿಯ ಬಿಳುಪು ಹೋಗಿ ಹಳದಿಯಾಗಿತ್ತು.

“ಈ ಸಲ ಹಾಲು ನೀರಾಯ್ತು ಅಂಕಲ್,” ಎಂದು ಹುಡುಗಿ ಕಾಲೆಳೆದಳು. ನೀರು ಹಾಲಿಗೆ ನಾನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಹೆಂಡತಿ ಮಾತ್ರ ನಾಡಿ ಹುಡುಕುವುದನ್ನು ಬಿಟ್ಟಿಲ್ಲ. ನಿನ್ನೆ ಕೇಳಿಯೇಬಿಟ್ಟೆ: “ಬೆರಳು ಉಳಿಯಿತಲ್ಲ, ಇನ್ನು ಎಂತಕ್ಕೆ ನೋಡುದು?”

“ಬೆರಳನ್ನು ಯಾರು ನೋಡ್ತಾರೆ? ನೀವು ಇದ್ದೀರಾ ಅಂತ ನೋಡುದು. ಸುಮ್ಮನೆ ಕೂತ್ಕೊಳ್ಳಿ.”

ಕೂತೆ.