ಕುದುರೆ ನಿಲ್ಲುವ ಜಾಗ ಬಲ್ಲ ಚಮನಬಿ

ಬೆಳಗಿನ ಐದೂವರೆ. ಸವಣೂರಿನ ಟಾಂಗಾ ಅಡ್ಡೆಯಲ್ಲಿ ಹಸಿ ಹುಲ್ಲಿನ ಹೊರೆ ಬಿಚ್ಚುತ್ತಿರುವ ಚಮನಬಿಯವರ ಕೈ ಹುಲ್ಲಿನ ಮೇಲಿದೆ, ಕಣ್ಣು ಮಾತ್ರ ಕುದುರೆಗಳ ಮೇಲೆ. ಹಿಂದಿನ ಗೋಡೆಗೆ ಒರಗಿಸಿದ ಕರಿ ಹಲಗೆಯಲ್ಲಿ ಐದು ಕುದುರೆಗಳ ಹೆಸರು, ಪ್ರತಿ ಹೆಸರಿನ ಮುಂದೆ ಸೀಮೆಸುಣ್ಣದಲ್ಲಿ ಬಾಜಿಯ ಭಾವ. ಇಂದು, 1983ರ ಈ ಭಾನುವಾರ, ವರ್ಷಕ್ಕೊಮ್ಮೆ ನಡೆಯುವ ಟಾಂಗಾ ಓಟ. ಶಿಗ್ಗಾಂವಿ ರಸ್ತೆಯ ಮೂರನೇ ಮೈಲಿಗಲ್ಲಿನಿಂದ ಈ ಅಡ್ಡೆಯ ಬೇವಿನ ಮರದ ತನಕ. ಶುರುವಾಗುವುದು ಎಂಟಕ್ಕೆ, ಪತ್ರಿಕೆಗೆ ಬರೆಯಲು ಬಂದ ನಾನು ಮಾತ್ರ ಈಗಲೇ ಹಾಜರು.

ಐವತ್ತೆರಡರ ಚಮನಬಿ ಈ ಓಟದ ಬುಕ್ಕಿ, ಬಾಜಿ ಕಟ್ಟಿಸಿಕೊಳ್ಳುವವರು. ಇಲ್ಲಿ ಬಾಜಿ ರೊಕ್ಕದಲ್ಲಿ ಅಲ್ಲ, ಹುರಳಿಯಲ್ಲಿ. ‘ಒಂದಕ್ಕೆ ಎಂಟು’ ಎಂದು ಬರೆದಿದ್ದರೆ, ಕಟ್ಟಿದ ಒಂದು ಸೇರಿಗೆ ಎಂಟು ಸೇರು ಹುರಳಿ, ಕಟ್ಟಿದ್ದೂ ವಾಪಸ್ಸು. ಸೋತವರ ಹುರಳಿ ಇವರ ಚೀಲಕ್ಕೆ. ಅದನ್ನೇ ಟಾಂಗಾದವರಿಗೆ ಮಾರಿ ಮಳೆಗಾಲ ದಾಟಿಸುತ್ತಾರೆ.

“ನಮ್ಮಪ್ಪ ಪುಣೆದಾಗ ರೇಸಿನ ಬುಕ್ಕಿ ಹಂತ್ಯಾಕ ಹಲಗಿ ಬರೀತಿದ್ದರಿ. ಭಾವ ಕಟ್ಟೂದು ಅವನ ಕಡಿಂದ ಬಂತು,” ಎನ್ನುತ್ತಾರೆ. ಗಂಡ ಟಾಂಗಾ ಹೊಡೆಯುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಕುದುರೆ ಹೊಟ್ಟೆಶೂಲೆಯಿಂದ ಸತ್ತಿತು, ಅದೇ ವರ್ಷ ಗಂಡನೂ ಹೋದರು. “ಟಾಂಗಾ ಮಾರಿದ್ನಿರಿ, ಅಡ್ಡಾ ಬಿಡಲಿಲ್ಲ.” ಅಂದಿನಿಂದ ಶಿಗ್ಗಾಂವಿ ರಸ್ತೆಯ ಬದಿಯಲ್ಲಿ ಹುಲ್ಲು ಕೊಯ್ದು ದಿನಕ್ಕೆ ನಲವತ್ತು ಸಿವುಡು ಮಾರುತ್ತಾರೆ. ಇಂದಿನ ಹುಲ್ಲು ಮಾತ್ರ ನಾದಿನಿ ಬಾನುಬಿ ಕೊಯ್ದದ್ದು. ಎರಡು ವಾರ ಜ್ವರದಲ್ಲಿ ಮಲಗಿದ್ದ ಚಮನಬಿ ಎದ್ದದ್ದೇ ನಿನ್ನೆ ಸಂಜೆ.

ಬಾಜಿ ಕಟ್ಟುವವರು ಗೆಲ್ಲುವುದು ಹೇಗೆ ಎಂದು ಕೇಳಿಯೇಬಿಟ್ಟೆ.

“ಅವರು ಕುದರಿ ನೋಡೂದಿಲ್ರಿ, ಕುದರಿಗೆ ಕಟ್ಟಿದ ಗೊಂಡೆ ನೋಡ್ತಾರ! ಟಾಂಗಾದ ಕುದರಿ ಎಷ್ಟ ಜೋರು ಓಡತೈತಿ ಅನ್ನೂದಲ್ಲ, ಎಲ್ಲಿ ನಿಲ್ತೈತಿ ಅನ್ನೂದು ನೋಡಬೇಕು. ದಿನಾ ನಿಲ್ಲೂ ಜಾಗಾ ಬಂತಂದ್ರ ಚಾಟಿ ಹೊಡದ್ರೂ ನಿಂತಬಿಡತೈತಿ. ಆರು ವರ್ಸ ಆತು ಹೇಳಾಕತ್ತೇನಿ, ಒಬ್ಬರೂ ಕೇಳವಲ್ರು.”

ಬುಕ್ಕಿಯೇ ಗುಟ್ಟು ಬಿಟ್ಟುಕೊಟ್ಟರೆ ಹೊಟ್ಟೆಪಾಡು? “ಕೇಳೂದಿಲ್ಲ ಅಂತ ಗೊತ್ತೈತಲ್ರಿ, ಅದಕ್ಕ ಹೇಳ್ತೇನಿ!” ಎಂದು ನಗುತ್ತಾರೆ. ಕೇಳದವರಲ್ಲಿ ನಾನೂ ಒಬ್ಬ. ಹಾಲಿನಂಥ ಬಿಳಿ ಕುದುರೆ ಬಾದಶಹಾನನ್ನು ಕಂಡದ್ದೇ ತಡ, ಅದರ ಮೇಲೆ ಎರಡು ಸೇರು ಕಟ್ಟಿಬಿಟ್ಟೆ. “ನೀವೂ ಅವರ ಪೈಕಿನಽ ಬಿಡ್ರಿ,” ಎಂದು ಅಳೆದುಕೊಂಡರು.

ಏಳೂವರೆಗೆ ಹಾನಗಲ್ಲಿನ ಬಸ್ಸು, ಹಿರೇಕೆರೂರಿನ ಬಸ್ಸು ಬಂದು ಜನ ಕಿಕ್ಕಿರಿದರು. ಎಲ್ಲರೂ ಬಾದಶಹಾನ ಕಡೆಗೇ. ಕೊನೆಗೆ ಬಂದವನು ಮೈಲಾರಪ್ಪ. ಚಿಕ್ಕೇರೂರಿನವ, ಇಲ್ಲಿ ಹತ್ತಿ ಅಂಗಡಿಯಲ್ಲಿ ತೂಕ ಮಾಡುತ್ತಾನೆ, ಪ್ರತಿ ವರ್ಷ ಸೋಲುತ್ತಾನೆ. ಹಲಗೆಯ ತಳದಲ್ಲಿ ‘ಒಂದಕ್ಕೆ ಎಂಟು’ ಭಾವದಲ್ಲಿದ್ದ ಹೆಣ್ಣುಕುದುರೆ ಚಾಂದನಿಯ ಮೇಲೆ ಹತ್ತು ಸೇರು ಸುರಿದ!

“ಹುಚ್ಚು ಹಿಡದೈತೇನೋ? ಅದು ದಾರ್ಯಾಗಿನ ಸೇತುವಿ ಹಂತ್ಯಾಕ ಸಿದ್ದವ್ವನ ಚಾದಂಗಡಿ ಮುಂದ ನಿಲ್ತೈತಿ. ಆಕಿ ಬೆಲ್ಲ ಕೊಡೂ ಮಟಾ ಕಾಲ ಎತ್ತೂದಿಲ್ಲ.”

“ಹಲಗಿ ಮ್ಯಾಲಿನ ಭಾವ ಕೊಡ್ತೀಯೋ ಇಲ್ಲೋ ಚಮನಕ್ಕ?”

“ಬರದ ಭಾವ ಅಳಸಿದಾಕಿ ಅಲ್ಲ ನಾನು. ಇಡು.”

ಆಮೇಲೆ ನನ್ನ ಕಿವಿಯಲ್ಲಿ ಲೆಕ್ಕ ಹೇಳಿದರು. ಇವತ್ತು ಬಂದದ್ದೂ ಸೇರಿ ಚೀಲದಲ್ಲಿರುವುದೇ ತೊಂಬತ್ತೆರಡು ಸೇರು. ಚಾಂದನಿ ಗೆದ್ದರೆ ತೊಂಬತ್ತು ಮೈಲಾರಪ್ಪನಿಗೆ. ಇಡೀ ಮಳೆಗಾಲದ ಹುರಳಿ ಒಂದೇ ಏಟಿಗೆ ಖಾಲಿ. “ಗೆಲ್ಲೂದಿಲ್ಲ ಬಿಡ್ರಿ,” ಅಂದರು, ಆದರೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಲೇ ಇದ್ದರು.

ಬಂದವು ನೋಡಿ! ತಿರುವಿನಲ್ಲಿ ಧೂಳೆದ್ದಿತು, ಧೂಳಿನೊಳಗಿಂದ ಮೊದಲು ಹೊರಬಿದ್ದವನು ನನ್ನ ಬಾದಶಹಾ. ನಾನು ಹುಲ್ಲಿನ ಹೊರೆಯ ಮೇಲೆ ಹತ್ತಿ ಗಂಟಲು ಹರಿಯುವಂತೆ ಕೂಗಿದೆ. ಅಡ್ಡೆಗೆ ಇನ್ನೂರು ಹೆಜ್ಜೆ ಉಳಿದಾಗ, ಎಣ್ಣೆ ಗಿರಣಿಯ ಗೇಟಿನ ಮುಂದೆ, ಬಾದಶಹಾ ಗಕ್ಕನೆ ನಿಂತ. ದಿನಾ ಎಣ್ಣೆ ಡಬ್ಬಿ ಹೇರುವುದು ಅಲ್ಲೇ. ಟಾಂಗಾ ಹೊಡೆಯುವವ ಕೈಮುಗಿದ, ಬೈದ, ಇಳಿದು ಜಗ್ಗಿದ. ಬಾದಶಹಾ ಡಬ್ಬಿಗಾಗಿ ಕಾದೇ ಕಾದ.

ಅಷ್ಟರಲ್ಲಿ ಚಾಂದನಿ! ಸೇತುವೆಯ ಹತ್ತಿರ ನಿಲ್ಲಬೇಕಿದ್ದ ಚಾಂದನಿ ಎಲ್ಲೂ ನಿಲ್ಲದೆ ಬಂದು, ಎಲ್ಲಕ್ಕಿಂತ ಮೊದಲು ಬೇವಿನ ಮರ ದಾಟಿ, ಚಮನಬಿಯ ಹಲಗೆ ಒರಗಿದ ಗೋಡೆ ಬಳಸಿ, ಹಿಂದಿನ ಸಂದಿಗೆ ನುಗ್ಗಿತು. ಎಲ್ಲರೂ ಓಡಿದೆವು. ಅಲ್ಲಿ ಸಿದ್ದವ್ವನ ಚಹದಂಗಡಿ! ಎರಡು ವಾರದ ಹಿಂದೆ, ಚಮನಬಿ ಜ್ವರದಲ್ಲಿ ಮಲಗಿದಾಗಲೇ, ಸೇತುವೆಯಿಂದ ಇಲ್ಲಿಗೆ ಬಂದಿದೆ. ಚಾಂದನಿ ಅದರೊಳಗೆ ಮೂತಿ ತೂರಿಸಿ ಬೆಲ್ಲ ಕಡಿಯುತ್ತಿದೆ.

ಚಮನಬಿ ಅಂಗಡಿಯನ್ನೂ ಗೋಡೆಯನ್ನೂ ತಿರುತಿರುಗಿ ನೋಡಿದರು. “ಯಾ ಅಲ್ಲಾ, ನನ್ನ ಬೆನ್ನ ಹಿಂದ ಇತ್ತಲ್ರಿ!” ಎಂದು ಹಣೆ ಬಡಿದುಕೊಂಡರು. “ನಿನಗ ಹೆಂಗ ತಿಳೀತೋ ಮೈಲಾರಪ್ಪ?”

“ನೀನಽ ಹೇಳಿದ್ದ್ಯಲ್ಲ, ಎಲ್ಲಿ ನಿಲ್ತೈತಿ ನೋಡು ಅಂತ. ಇಪ್ಪತ್ತು ದಿನದಾಗ ಐದೂ ಟಾಂಗಾ ಹತ್ತಿ ಇಳದ್ನಿ.”

“ಶಾಬಾಸ್!” ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. “ಬರಕೋರಿ ಸಾಹೇಬ್ರ, ಒಬ್ಬಾಂವ ಕೇಳ್ಯಾನ!”

ಹಿತ್ತಾಳೆ ಸೇರಿನಲ್ಲಿ ಒಂದು ಕಾಳೂ ಕಡಿಮೆಯಾಗದಂತೆ ತೊಂಬತ್ತು ಅಳೆದರು. “ಅರ್ಧಾ ಇಟ್ಕೋ ಚಮನಕ್ಕ, ಮಳಿಗಾಲ ಐತಿ,” ಎಂದು ಮೈಲಾರಪ್ಪ ತೊದಲಿದರೆ, “ಸುಮ್ನ ಒಯ್ಯೋ,” ಎಂದು ಗದರಿದರು. ಚೀಲದಲ್ಲಿ ಉಳಿದದ್ದು ಎರಡು ಸೇರು, ನಾನು ಸೋತದ್ದೂ ಅಷ್ಟೇ. “ನಿಮ್ಮ ಪುಣ್ಯೇರಿ, ಚೀಲದ ತಳಾ ಕಾಣಲಿಲ್ಲ,” ಎಂದು ಚುಡಾಯಿಸಿದರು. ನನಗೆ ನಗು ಬಂತು.

ಮಳೆಗಾಲಕ್ಕೆ ಏನು ಮಾಡುತ್ತೀರಿ ಎಂದು ಕೇಳಿದೆ.

“ಹುಲ್ಲು ಐತಲ್ರಿ, ಕೊಯ್ತೇನಿ,” ಎನ್ನುತ್ತ ಹಲಗೆ ಒರೆಸಿದರು. “ಗಂಡ ಹ್ವಾದ ಮ್ಯಾಲೆ ಟಾಂಗಾ ಹತ್ತಿಲ್ರಿ ನಾನು. ಹನ್ನೊಂದು ವರ್ಸ ನಿಂತಽ ನೋಡೇನಿ. ನಾಳೆ ಮುಂಜಾನೆ ಮೊದಲನೇ ಟಾಂಗಾ ಹತ್ತತೇನಿ, ಒಂದೊಂದಾಗಿ ಐದೂ ಕುದರಿ ಎಲ್ಲೆಲ್ಲಿ ನಿಲ್ತಾವು ಕುಂತು ನೋಡಬೇಕು. ಪುಕ್ಕಟೆ ಅಲ್ಲ ಮತ್ತ, ಬಾಡಿಗಿ ಕೊಟ್ಟಽ ಹತ್ತತೇನಿ.”