ಅಪ್ಪನ ಕಥೆ ನಡೆಯುವಾಗ ಬಾಗಿಲಾಚೆ ಕೂತ ಕೌಸಲ್ಯಾ

ಬೆಳಗಿನ ಆರು ಗಂಟೆ, ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್ ಚಳಿ. ಅಮೆರಿಕದ ಸೌತ್‌ಫೀಲ್ಡ್‌ನ ವೃದ್ಧಾಶ್ರಮವೊಂದರ ಮುಂದೆ ಕೌಸಲ್ಯಾ ಕಾರು ನಿಲ್ಲಿಸುತ್ತಾರೆ. ಚೀಲದಲ್ಲಿ ರೆಕಾರ್ಡರ್, ಎರಡು ಮೈಕು, ಕಿವಿಯ ಮಿಷನ್ನಿಗೆ ಬೇಕಾಗುವ ಸಣ್ಣ ಬ್ಯಾಟರಿಗಳು. "ಸೈನಿಕರು ಐದಕ್ಕೇ ಎದ್ದು ಕೂತಿರ್ತಾರೆ. ತಿಂಡಿ ಆದ್ಮೇಲೆ ತೂಕಡಿಕೆ ಬಂದ್ಬಿಡುತ್ತೆ," ಎನ್ನುತ್ತಾರೆ.

ಇಂದು ಕಾದಿರುವವರು ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರ್ ರಿಪೇರಿ ಮಾಡುತ್ತಿದ್ದ ಎಂಬತ್ತರ ಅಜ್ಜ. ಕೌಸಲ್ಯಾ ಯುದ್ಧದ ಸುದ್ದಿಯನ್ನೇ ಎತ್ತುವುದಿಲ್ಲ; ಅಲ್ಲಿ ಇಳಿದ ದಿನ ಬೆಳಿಗ್ಗೆ ಏನು ತಿಂದಿರಿ ಎಂದು ಕೇಳುತ್ತಾರೆ. ಅದಕ್ಕೂ ಮೊದಲು ಅಜ್ಜನ ಮಗನನ್ನು ಹೊರಗೆ ಕಳಿಸುತ್ತಾರೆ. ಇದು ಅವರೇ ಮಾಡಿದ ನಿಯಮ. "ಮಕ್ಕಳ ಮುಂದೆ ಯಾವ ಅಪ್ಪನೂ ನಂಗೆ ಭಯ ಆಗಿತ್ತು ಅನ್ನಲ್ಲ."

ಬೆಂಗಳೂರಲ್ಲಿ ಬೆಳೆದ ಕೌಸಲ್ಯಾ ವಾರವಿಡೀ ಫಾರ್ಮಸಿಸ್ಟ್. ಒಂಬತ್ತು ವರ್ಷಗಳ ಶನಿವಾರಗಳಲ್ಲಿ ಇನ್ನೂರ ಹನ್ನೆರಡು ಸೈನಿಕರ ಕಥೆ ರೆಕಾರ್ಡ್ ಮಾಡಿ ಉಳಿಸಿದ್ದಾರೆ. ಹೇಳಿದವರಲ್ಲಿ ಈಗ ಬದುಕಿರುವವರು ಅರವತ್ತೊಂದು ಮಂದಿ.

ವೆಸ್ಟ್ ಬ್ಲೂಮ್‌ಫೀಲ್ಡ್‌ನ ಅವರ ಮನೆಯಲ್ಲೇ ಒಬ್ಬ ಸೈನಿಕರಿದ್ದಾರೆ: ತಂದೆ ಶೇಷಾದ್ರಿ, ಎಪ್ಪತ್ತೆಂಟು. ಎಪ್ಪತ್ತೊಂದರ ಭಾರತ-ಪಾಕ್ ಯುದ್ಧದಲ್ಲಿ ನೆಲಬಾಂಬು ತೆಗೆಯುತ್ತಿದ್ದವರು. ಮಗಳಿಗೆ ಇಷ್ಟು ವರ್ಷ ಹೇಳಿದ್ದು ಒಂದೇ ಮಾತು: "ತುಂಬಾ ಚಳಿ ಇತ್ತು ಕಣಮ್ಮ." ಕಳೆದ ತಿಂಗಳು ತಾವಾಗಿಯೇ ಬಾಯಿಬಿಟ್ಟರು. "ನಂದೂ ಯಾರಾದ್ರೂ ರೆಕಾರ್ಡ್ ಮಾಡ್ಕೊಳ್ಳಿ. ಆದ್ರೆ ನೀನು ಬೇಡ. ರೂಲ್ ನಿಂದೇ ಅಲ್ವಾ?"

ಕೌಸಲ್ಯಾ ಕೈಯಲ್ಲೇ ಈ ಕೆಲಸ ಕಲಿತ ರೇಣು, ಲೊಂಬಾರ್ಡ್‌ನಿಂದ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬಂದರು. ಅಪ್ಪನ ಕೋಣೆಯ ಬಾಗಿಲು ಹಾಕಿಕೊಂಡಿತು. ಎರಡು ಮುಕ್ಕಾಲು ಗಂಟೆ ಕೌಸಲ್ಯಾ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಾ ಕೂತರು. ಒಮ್ಮೆ ಅಪ್ಪನ ನಗು ಕೇಳಿಸಿತು.

"ಹೊಟ್ಟೆಕಿಚ್ಚು ಅಂದ್ರೆ ಹೊಟ್ಟೆಕಿಚ್ಚೇ, ಮುಚ್ಚಿಡೋದೇನು. ನಿನ್ನೆ ಮೊನ್ನೆ ಬಂದೋಳ ಹತ್ರ ನಮ್ಮಪ್ಪ ಎಲ್ಲಾ ಹೇಳ್ಕೊಂಡ್ರು. ಕಾಫಿ ಕೊಟ್ಟೆ, ಮುಖ ಕೊಟ್ಟು ಮಾತಾಡ್ಲಿಲ್ಲ," ಎನ್ನುತ್ತಾರೆ ಕೌಸಲ್ಯಾ.

ಅತ್ತು ಕಣ್ಣು ಕೆಂಪಾಗಿಸಿಕೊಂಡು ಹೊರಬಂದ ರೇಣು ಹೇಳಿದ್ದಿಷ್ಟೇ: "ಅಕ್ಕಾ, ನನ್ನೇನೂ ಕೇಳ್ಬೇಡಿ."

ಪ್ರತಿ ಸೈನಿಕರೂ ಕೊನೆಗೆ ಒಂದು ಫಾರಂ ತುಂಬಬೇಕು: ಇದನ್ನು ಮೊದಲು ಕೇಳುವವರು ಯಾರು, ಯಾವಾಗ. ಶೇಷಾದ್ರಿ ಬರೆದಿದ್ದಾರೆ: ಮಗಳು ಕೌಸಲ್ಯಾ, ನಾನು ಹೋದ ಮೇಲೆ.

ಇನ್ನೂರ ಹದಿಮೂರನೆಯ ಆ ರೆಕಾರ್ಡಿಂಗ್ ಅಂಟಿಸಿದ ಲಕೋಟೆಯೊಳಗೆ ಕೌಸಲ್ಯಾ ಮೇಜಿನ ಡ್ರಾಯರ್‌ನಲ್ಲೇ ಇದೆ. ಡ್ರಾಯರ್ ಎಷ್ಟೋ ಸಲ ತೆಗೆದಿದ್ದಾರೆ, ಲಕೋಟೆ ಒಡೆದಿಲ್ಲ. ಆಸೆ ಏನೆಂದು ಕೇಳಿದರೆ ಪಕ್ಕದ ಕೋಣೆಯಿಂದ ಬರುವ ಅಪ್ಪನ ಕೆಮ್ಮಿಗೆ ಕಿವಿಗೊಟ್ಟು, ಆಮೇಲೆ ಹೇಳುತ್ತಾರೆ.

"ಅದನ್ನ ಕೇಳೋ ದಿನ ಆದಷ್ಟು ತಡವಾಗಿ ಬರ್ಲಿ. ಅಲ್ಲಿವರೆಗೂ ರೇಣು ಮೇಲೆ ಹೊಟ್ಟೆ ಉರ್ಕೊಂಡೇ ಇರ್ತೀನಿ, ಪರವಾಗಿಲ್ಲ."